ತಾಯಿಯ ಹತ್ತು ನಿಮಿಷ

ನಮ್ಮ ತೊಂಗ್‌ಯಂಗ್ ಬಂದರಿನಲ್ಲಿ, ಮಾತು ತಡವಾದ ಮಕ್ಕಳ ಜೊತೆ ಮೂವತ್ತೊಂದು ವರ್ಷ ಕೆಲಸ ಮಾಡಿದ ಶ್ರೀಮತಿ ಪ್ಯೋ ಇನ್‌ಸುಕ್ ಅವರು ಈ ವಸಂತದಲ್ಲಿ ನಿವೃತ್ತರಾಗುತ್ತಿದ್ದಾರೆ. ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯಬಲ್ಲವರು ಅನೇಕರಿದ್ದಾರೆ. ಅವರ ಮಾತಿನ ಚಿಕಿತ್ಸಾ ಕೇಂದ್ರದಲ್ಲಿ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಸೇರಿ, ಸಂಜೆ ತರಗತಿಗಳಲ್ಲಿ ಓದಿ ಚಿಕಿತ್ಸಕಿಯಾದವಳು ನಾನು. ಪರೀಕ್ಷೆಯ ದಿನಗಳಲ್ಲಿ ನನ್ನ ಮೇಜಿನ ಹಿಂದೆ ತಾವೇ ಕುಳಿತು ನನ್ನನ್ನು ಓದಲು ಕಳುಹಿಸಿದವರು ಅವರು.

ನಮ್ಮಲ್ಲಿ ವಾರಕ್ಕೊಮ್ಮೆ ನಲವತ್ತು ನಿಮಿಷ ಮಗುವಿಗೆ, ನಂತರದ ಹತ್ತು ನಿಮಿಷ ತಾಯಿಗೆ. ಆ ಹತ್ತು ನಿಮಿಷವನ್ನು ನಾನು ಬಾಗಿಲಲ್ಲೇ ನಿಂತು, ಕಾಯುತ್ತಿದ್ದ ಇತರ ತಾಯಂದಿರ ಎದುರಿಗೇ, ಮಗು ಏನೇನು ಮಾಡಲಿಲ್ಲವೆಂದು ಹೇಳಿ ಮುಗಿಸುತ್ತಿದ್ದೆ. ಐದು ವರ್ಷದ ಸೋದಾಮ್‌ಳ ತಾಯಿ ಸಮುದ್ರದ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನಿಂದ ರಬ್ಬರ್ ಬೂಟಿನಲ್ಲೇ ಬರುತ್ತಿದ್ದರು. ಒಂದು ದಿನ ಅವರನ್ನು ಕೇಳಿಬಿಟ್ಟೆ:

"ಸೋದಾಮ್ ಅಮ್ಮಾ, ಮನೇಲಿ ಇವಳ ಜೊತೆ ಯಾರೂ ಮಾತೇ ಆಡಲ್ವಾ?"

"ಆಡ್ತೀವಿ ಟೀಚರ್. ನಿಮ್ಮಷ್ಟು ಓದಿಲ್ಲ ನೋಡಿ, ನಮ್ಮ ಮಾತು ಲೆಕ್ಕಕ್ಕಿಲ್ಲ."

ಮೂರು ವಾರ ಅವರು ಬರಲಿಲ್ಲ. ನಾಲ್ಕನೆಯದೂ ತಪ್ಪಿದರೆ ಸೋದಾಮ್‌ಳ ಜಾಗ ಬೇರೆ ಮಗುವಿಗೆ ಹೋಗುತ್ತಿತ್ತು. ಮತ್ತೆ ಸಿಗಲು ಎರಡು ವರ್ಷ ಕಾಯಬೇಕು.

ಪ್ಯೋ ಮೇಡಂ ನನ್ನನ್ನು ಗದರಲಿಲ್ಲ. ಶೆಡ್ಡಿಗೆ ಕರೆದೊಯ್ದರು. ಅಲ್ಲಿನ ಜೊತೆ ಕೆಲಸದವರಿಗೆ ನಾವು ಯಾರೆಂದು ತಿಳಿಯಬಾರದೆಂದು ಕೇಂದ್ರದ ಹೆಸರಿದ್ದ ನನ್ನ ಕೋಟನ್ನು ದಾರಿಯಲ್ಲೇ ಬಿಚ್ಚಿಸಿದ್ದರು. ಬಿಡುವಿನ ಹೊತ್ತಿಗೆ ಆ ತಾಯಿ ಕಾಫಿ ಲೋಟ ಹಿಡಿದು ಹೊರಗೆ ಬಂದರು.

"ಏನ್ ಮೇಡಂ, ಸಿಂಪಿ ಬಿಡಿಸೋಕೆ ಬಂದ್ರಾ? ಕೈ ಕುಯ್ಕೋತೀರಾ."

"ಕ್ಷಮೆ ಕೇಳೋಕೆ ಬಂದ್ವಿ ತಾಯಿ. ನಾಲ್ಕು ಜನರ ಮುಂದೆ ಹಾಗೆ ಕೇಳಬಾರದಿತ್ತು. ಸೋದಾಮ್ ನಿಮ್ಮ ಹತ್ರ ಹೇಗಿರ್ತಾಳೆ ಅಂತ ನಾವು ಕೇಳಲೇ ಇಲ್ಲ."

ನಾನೂ ತಲೆ ಬಾಗಿಸಿದೆ. ಸೋದಾಮ್‌ಳ ತಾಯಿ ಲೋಟ ಕೆಳಗಿಟ್ಟರು.

"ನೀರು ಬೇಕಂದ್ರೆ ನನ್ನ ಕಿವಿ ಹಿಡೀತಾಳೆ. ಹೊರಗೆ ಹೋಗ್ಬೇಕಂದ್ರೆ ಗಲ್ಲ. ಅದು ಮಾತಲ್ವಾ ಮೇಡಂ?"

"ಮಾತೇ. ನಮಗೂ ಕಲಿಸಿಕೊಡಿ."

ನಾಲ್ಕನೆಯ ವಾರ ಅವರು ಬಂದರು. ಮೇಡಂ ಕುರ್ಚಿ ಹಾಕಿ, ಬಾಗಿಲು ಮುಚ್ಚಿ ಹೋದರು. ಆ ಹತ್ತು ನಿಮಿಷವೂ ತಾಯಿಯೇ ಮಾತಾಡಿದರು. ನಾನು ಸೋದಾಮ್‌ಳ ಹನ್ನೊಂದು ಸನ್ನೆಗಳನ್ನು ಬರೆದುಕೊಂಡೆ. ಏಳುವಾಗ ಹೇಳಿದರು: "ಇನ್ನೂ ಇದೆ ಟೀಚರ್. ಮುಂದಿನ ವಾರ ಹೇಳ್ತೀನಿ."

ಮೇಡಂ, ತಮಗೆ ದೀರ್ಘಾಯುಷ್ಯವೂ ಗಟ್ಟಿ ಆರೋಗ್ಯವೂ ಇರಲಿ. ಹೊಸ ತಾಯಿಯೊಬ್ಬರು ಬಂದಾಗ ಏನು ಹೇಳಲೆಂದು ನಾನು ಇನ್ನೂ ತಡವರಿಸುತ್ತೇನೆ. ಆಗ ಫೋನ್ ಮಾಡಿದರೆ, 'ನಾನು ನಿವೃತ್ತಳು' ಎನ್ನದೆ, ದಯವಿಟ್ಟು ಎತ್ತಿಕೊಳ್ಳಿ.