ಹಿಂದಿನಿಂದ ಕೂಗುವವರು

ನನಗೊಂದು ಕೆಟ್ಟ ಮರೆವಿದೆ. ಬೈಕಿನ ಸೈಡ್ ಸ್ಟ್ಯಾಂಡು ಎತ್ತುವುದನ್ನು ಮರೆಯುತ್ತೇನೆ. ಈಗಿನ ಬೈಕುಗಳಲ್ಲಿ ಸ್ಟ್ಯಾಂಡು ಇಳಿದಿದ್ದರೆ ಗಾಡಿ ಮುಂದಕ್ಕೇ ಹೋಗುವುದಿಲ್ಲವಂತೆ. ನನ್ನದು ಮನುಷ್ಯನ ಬುದ್ಧಿಯ ಮೇಲೆ ಇನ್ನೂ ನಂಬಿಕೆಯಿದ್ದ ಕಾಲದ ಗಾಡಿ. ನಾನೋ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಎಡಕ್ಕೆ ವಾಲಿದ ಬೈಕಿನ ಆ ಗೇಣುದ್ದದ ಕಬ್ಬಿಣ ರಸ್ತೆಗೆ ಊರಿಕೊಂಡರೆ ಸವಾರ ಯಾವ ದಿಕ್ಕಿಗೆ ಹಾರುತ್ತಾನೆಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಬಲ್ಲೆ. ಎತ್ತುವುದೊಂದು ನೆನಪಾಗುವುದಿಲ್ಲ.

ಇಷ್ಟಾಗಿಯೂ ಬದುಕಿದ್ದೇನೆಂದರೆ ಅದು ಮಂಡ್ಯದ ಜನರ ಪುಣ್ಯ. ಮಳವಳ್ಳಿಯಿಂದ ವರ್ಗವಾಗಿ ಬಂದ ಮೊದಲ ವಾರವೇ ಆಟೋದವನೊಬ್ಬ ಪಕ್ಕಕ್ಕೆ ಬಂದು, "ಯಾಕ್ಲಾ, ಮನೇಲಿ ಯೋಳ್ಬುಟ್ಟು ಬಂದಿದ್ದೀಯಾ?" ಎಂದು ನನ್ನ ಮರ್ಯಾದೆ ತೆಗೆದು, ಅದೇ ಉಸಿರಿನಲ್ಲಿ "ಸ್ಟ್ಯಾಂಡು ಎತ್ಲಾ!" ಎಂದು ಪ್ರಾಣ ಉಳಿಸಿದ. ನಮ್ಮವರು ಯಮನಿಗೆ ಕೋಣವನ್ನೇ ಯಾಕೆ ಕೊಟ್ಟರೋ ಎಂದು ಆಗಾಗ ಯೋಚಿಸುತ್ತೇನೆ. ಬೆಳಗಿನ ಒಂಬತ್ತೂವರೆಗೆ ಈ ಊರಿನ ಕಬ್ಬಿನ ಟ್ರಾಕ್ಟರು, ಸ್ಕೂಲ್ ವ್ಯಾನು, ಬಸ್ಸುಗಳ ನಡುವೆ ಅದು ಸಿಕ್ಕಿಕೊಂಡರೆ ಯಮನೂ ಹಾರನ್ ಹೊಡೆಯುತ್ತಾ ನಿಲ್ಲಬೇಕಾಗುತ್ತದೆ. ಹೀಗೆಲ್ಲ ತಮಾಷೆ ಮಾಡಿಕೊಂಡೇ ಓಡಾಡುತ್ತಿದ್ದೆ, ಆ ಕೂಗು ಶುರುವಾಗುವವರೆಗೆ.

ಹಳೆಯ ಹೆದ್ದಾರಿಯಿಂದ ಪೇಟೆಬೀದಿಗೆ ಎಡಕ್ಕೆ ತಿರುಗುವ ಕಡೆ, ಟ್ರಾನ್ಸ್‌ಫಾರ್ಮರಿನ ಹತ್ತಿರ, ಒಂದು ಬೆಳಿಗ್ಗೆ ಹೆಂಗಸಿನ ದನಿ ಕೇಳಿಸಿತು: "ಸ್ಟ್ಯಾಂಡು!" ಬಗ್ಗಿ ನೋಡಿದರೆ ಸ್ಟ್ಯಾಂಡು ಮೇಲೇ ಇತ್ತು. ಮಾರನೆಯ ದಿನವೂ ಹಾಗೇ, ಅದರ ಮಾರನೆಯ ದಿನವೂ ಹಾಗೇ. ನನ್ನ ಹೆಲ್ಮೆಟ್ಟು ಭಾರಿಯದು. ಬೆನ್ನ ಹಿಂದಿನ ಬಸ್ಸಿನ ಹಾರನ್ನೇ ಅದರೊಳಗೆ ಎಲ್ಲೋ ದೂರದಲ್ಲಿ ಕೇಳಿಸುತ್ತದೆ. ಈ ದನಿ ಮಾತ್ರ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು.

ತಿಂಗಳು ಕಳೆಯಿತು. ಒಂದು ಬುಧವಾರ ಕೂಗಿಗೆ ಬಗ್ಗಿ ನೋಡಿ ತಲೆಯೆತ್ತಿದರೆ, ಮುಂದೆ ನಿಂತುಬಿಟ್ಟಿದ್ದ ಟ್ರಾಕ್ಟರಿನ ಕಬ್ಬಿನ ತುದಿಗಳು ಮುಖಕ್ಕೆ ಒಂದು ಗೇಣು ದೂರದಲ್ಲಿದ್ದವು. ಬ್ರೇಕು ಒತ್ತಿ ಹೇಗೋ ನಿಲ್ಲಿಸಿದೆ. ಕೂಗುವವರನ್ನು ಹುಡುಕಿ ನಾಲ್ಕು ಮಾತು ಬೈದೇ ತೀರಬೇಕೆಂದು ಮರುದಿನ ಗಾಡಿ ನಿಲ್ಲಿಸಿ ಆ ಮೂಲೆಗೆ ನಡೆದುಹೋದೆ.

ಅಲ್ಲಿ ಗೋಣಿಚೀಲ ಹಾಸಿಕೊಂಡು ಸೊಪ್ಪು ಮಾರುತ್ತಿದ್ದ ಒಬ್ಬ ಮುದುಕಿಯಿದ್ದಳು. ಹೆಸರು ಚಿಕ್ಕತಾಯಮ್ಮ, ಊರು ಹೊಳಲು. "ದಿನಾ ಯಾಕಮ್ಮ ಸ್ಟ್ಯಾಂಡು ಸ್ಟ್ಯಾಂಡು ಅಂತ ಕೂಗ್ತೀಯ? ನಿನ್ನೆ ಸತ್ತೇ ಹೋಗ್ತಿದ್ದೆ" ಎಂದು ರೇಗಿದೆ.

ಆಕೆ ಕೈಯಲ್ಲಿದ್ದ ಸೊಪ್ಪಿನ ಕಟ್ಟು ಕೆಳಗಿಟ್ಟಳು. "ದಿನಾ ಎಲ್ಲಪ್ಪ? ನಾನು ಬರಾದೇ ಸೋಮ್ವಾರ, ಗುರ್ವಾರ. ನೆನ್ನೆ ಊರಲ್ಲಿ ಸೊಪ್ಪು ಕೀಳ್ತಿದ್ದೆ. ಇಳ್ದಿದ್ರೆ ಕೂಗ್ತೀನಿ, ದಿಟ. ಎತ್ತಿರೋರ್ನ ಯಾಕಪ್ಪ ಕೂಗ್ಲಿ?"

ಹಾಗಾದರೆ ನಿನ್ನೆ ಕೂಗಿದವರು ಯಾರು? ಅವಳೇ ಮುಂದುವರಿಸಿದಳು. "ನಮ್ಮೆಜಮಾನ್ರು ಗಾಡಿಯಿಂದ ಬಿದ್ದು ತೀರ್ಕಂಡಿದ್ದು ಈ ಮೂಲೇಲೇ ಕಣಪ್ಪ. ಮನೆ ಬುಡೋವಾಗ್ಲೇ ಸ್ಟ್ಯಾಂಡು ಇಳ್ದಿದ್ದ ಕಂಡಿದ್ದೆ. ಒಂಟೋರ್ನ ಇಂದ್ಗಡೆಯಿಂದ ಕೂಗ್ಬಾರ್ದು ಅಂತ ಸುಮ್ಕಾದೆ. ದಾರೀಲಿ ಯಾರಾರ ಯೋಳ್ತಾರೆ ಅಂದ್ಕಂಡೆ. ಯಾರೂ ಯೋಳ್ನಿಲ್ಲ."

ಬೈಯಲು ಬಂದವನು ಬೇಡವಾದ ಎರಡು ಕಟ್ಟು ದಂಟಿನ ಸೊಪ್ಪು ಕೊಂಡು ಹೊರಟೆ.

ಹೊರಟವರನ್ನು ಕೂಗಬಾರದು, ಎಲ್ಲಿಗೆಂದು ಕೇಳಬಾರದು. ನಮ್ಮ ಮನೆಯಲ್ಲೂ ಅದು ತಲೆತಲಾಂತರದ ಕಟ್ಟಳೆ. ನಾನೇ ಎಷ್ಟೋ ಸಲ, ಕೂಗಿದ ಹೆಂಡತಿ ಮಂಜುಳೆಯ ಮೇಲೆ ರೇಗಿ, ಒಳಗೆ ಬಂದು ನೀರು ಕುಡಿದು ಮತ್ತೆ ಹೊರಟವನು. ವಿಜ್ಞಾನದ ಮೇಷ್ಟ್ರು! ಸಂಜೆ ಮಂಜುಳೆಗೆ ಎಲ್ಲವನ್ನೂ ಹೇಳಿದೆ. ಮದ್ದೂರಿನವಳು, ಇಂಥದ್ದಕ್ಕೆಲ್ಲ ನಕ್ಕುಬಿಡುವ ಹೆಂಗಸು. ಅಂದು ನಗಲಿಲ್ಲ.

"ನಾನೂ ಎಷ್ಟೋ ಸಲ ಕಂಡಿದ್ದೀನಿ ಕಣ್ರೀ. ಗೇಟ್‌ಗಂಟ ಓಡ್ಬಂದು ಬಾಯಿ ಮುಚ್ಕಂಡಿದ್ದೀನಿ. ನೀವು ರೇಗ್ತೀರಲ್ಲ. ಅದಕ್ಕೇ ಈಗೊಂದು ತಿಂಗ್ಳಿಂದ ದಿನಾ ಮನಸಲ್ಲೇ ಕೂಗ್ತೀನಿ. ಎತ್ತಿದ್ರೂ ಸೈ, ಇಳ್ದಿದ್ರೂ ಸೈ."

ನನಗೆ ನಿಜಕ್ಕೂ ಭಯವಾಯಿತು. ಆ ಮೂಲೆಯ ಬಗ್ಗೆಯಲ್ಲ, ಅವಳ ಬಾಯಿ ಮುಚ್ಚಿಸಿದ್ದ ನನ್ನ ಬಗ್ಗೆ. "ಇನ್ನು ಮೇಲೆ ಬಾಯಿಬಿಟ್ಟೇ ಕೂಗು" ಎಂದೆ. ಶುಕ್ರವಾರ, ಶನಿವಾರ ಅವಳಿಗೆ ಬಾಯಿ ಬರಲಿಲ್ಲ, ಮನಸಲ್ಲೇ ಕೂಗಿಕೊಂಡಳು. ಎರಡು ದಿನವೂ ಮೂಲೆಯಲ್ಲಿ ಕೂಗು ಬಂತು.

ಸೋಮವಾರ ನಾನು ಗೇಟು ದಾಟಿದ್ದೇ ತಡ, ಇಡೀ ಬೀದಿ ತಿರುಗಿ ನೋಡುವಂತೆ ಕೂಗಿದಳು: "ರೀ, ಸ್ಟ್ಯಾಂಡು!" ಎದುರುಮನೆಯ ಅಜ್ಜಿ, "ಒಂಟೋರ್ನ ಇಂಗಾ ಕೂಗಾದು!" ಎಂದು ಗದರಿದರು. ಬಗ್ಗಿ ನೋಡಿದೆ. ಇಳಿದೇ ಇತ್ತು.

ಎತ್ತಿದೆ. ಪೇಟೆಯ ಮೂಲೆ ಬಂದಾಗ ಗಾಡಿ ನಿಧಾನ ಮಾಡಿದೆ. ಚಿಕ್ಕತಾಯಮ್ಮ ಅಲ್ಲೇ ಕೂತಿದ್ದಳು. ನನ್ನ ಚಕ್ರದ ಕಡೆ ಒಮ್ಮೆ ನೋಡಿ, ಮತ್ತೆ ಸೊಪ್ಪಿನ ಕಟ್ಟು ಕಟ್ಟತೊಡಗಿದಳು. ಹೆಲ್ಮೆಟ್ಟಿನೊಳಗೆ ನನ್ನ ಉಸಿರು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಎಡಕ್ಕೆ ತಿರುಗಿದೆ. ಯಾರೂ ಕೂಗಲಿಲ್ಲ. ಆಮೇಲೆ ಇವತ್ತಿನವರೆಗೂ ಕೂಗಿಲ್ಲ.

ಆ ಆಟೋದವನು ಇನ್ನೊಮ್ಮೆ ಸಿಕ್ಕರೆ ಹೇಳಬೇಕೆಂದಿದ್ದೇನೆ: ಈಗೀಗ ಮನೆಯಲ್ಲಿ ಹೇಳಿಯೂ ಬರುತ್ತೇನಪ್ಪ, ಹೇಳಿಸಿಕೊಂಡೂ ಬರುತ್ತೇನೆ.