ಭಾಷಣಕ್ಕೆ ಹೆಪ್ಪುಗಟ್ಟಿದ ಪೈಪು

ಪೈಪಕ್ಕ ತೀರಿಕೊಂಡಳು. ಮಂಗಳವಾರ ಸಂಜೆ, ದಡದಿಂದ ಬಲು ದೂರ ಲಂಗರು ಹಾಕಿ ನಿಂತ ಎಣ್ಣೆ ಹಡಗಿನ ಪುಟ್ಟ ಆಸ್ಪತ್ರೆ ಕೋಣೆಯಲ್ಲಿ. ಹೃದಯಾಘಾತ.

ಕಂಪನಿಯವರು ಸಂತಾಪ ಸಭೆ ಮಾಡಿದರು. ಗುರುತಿನ ಚೀಟಿಯ ಫೋಟೋವನ್ನೇ ಎಳೆದು ದೊಡ್ಡದು ಮಾಡಿದ್ದರಿಂದ ಅವಳ ಒಂದು ಕಿವಿ ಮಾತ್ರ ಸ್ಪಷ್ಟವಾಗಿತ್ತು. ಮಾತಾಡಿದವರೆಲ್ಲ ಅವಳದು ಶಾಂತ ಸ್ವಭಾವ, ಮೃದು ಮಾತು ಎಂದರು. ಶಾಲೆಮಕ್ಕಳ ಸಮವಸ್ತ್ರ ಹೊಲಿಯುವ ಅವಳ ಗಂಡ ಪಕ್ಕದಲ್ಲಿದ್ದವರ ಕಡೆ ಬಾಗಿ, "ಇವರು ಯಾರ ವಿಷಯ ಹೇಳ್ತಿದಾರೆ? ನಾವು ಬೇರೆ ಹಾಲ್‌ಗೆ ಬಂದುಬಿಟ್ವಾ?" ಎಂದು ಕೇಳಿದರು. ಕೇಳಿ, ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಮೌನಾಚರಣೆ ಯಾರದೋ ಫೋನು ಬಡಿದುಕೊಂಡಲ್ಲಿಗೆ ಮುಗಿಯಿತು. ಆಮೇಲೆ ಹಡಗಿನ ಮ್ಯಾನೇಜರು ಎದ್ದು, ಸಮುದ್ರತಳದ ಪೈಪು ಮತ್ತೆ ಹರಿಯತೊಡಗಿದ್ದು ಎಲ್ಲರ ಒಗ್ಗಟ್ಟಿನಿಂದ, ಮುಖ್ಯವಾಗಿ ಸಕಾಲಿಕ ನಾಯಕತ್ವದಿಂದ ಎಂದರು. ಯಾರ ನಾಯಕತ್ವ ಎಂದು ಹೇಳಲಿಲ್ಲ. ವಿನಯದಿಂದ ಕೋಟಿನ ಗುಂಡಿ ಸರಿಮಾಡಿಕೊಂಡರು, ಅಷ್ಟೆ.

ಸಭೆಯಲ್ಲಿ ಹೇಳದೆ ಬಿಟ್ಟದ್ದೇ ಹೆಚ್ಚು. ಅದನ್ನು ಇಲ್ಲಿ ಬರೆಯುವುದು ಅವಳನ್ನು ಬಲ್ಲವರ ಪಾಲಿಗೆ ಬಿದ್ದ ಕೆಲಸ.

ಅವಳಿಗೆ ಪೈಪಕ್ಕ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು, ಆಮೇಲೆ ಎದುರಿಗೇ. ಅವಳ ಕೆಲಸ ಹೇಳಲು ಸುಲಭ, ಮಾಡಲು ಪ್ರಾಣಸಂಕಟ. ಹಡಗಿನ ಕೆಳಗೆ ಒಂದು ಕಿಲೋಮೀಟರಿಗೂ ಮೀರಿದ ನೀರು. ಅದರ ತಳದಲ್ಲಿ ಎಣ್ಣೆ ಬಾವಿಗಳು. ಅಲ್ಲಿಗೆ ಮನುಷ್ಯ ಇಳಿಯುವಂತಿಲ್ಲ, ಇಳಿದರೆ ನೀರಿನ ಭಾರಕ್ಕೆ ಅಪ್ಪಚ್ಚಿ. ಬೆಳಕು ಇಲ್ಲ. ಫ್ರಿಜ್ಜಿನೊಳಗಿನಷ್ಟು ಚಳಿ. ಭೂಮಿಯ ಹೊಟ್ಟೆಯಿಂದ ಬಿಸಿಬಿಸಿಯಾಗಿ ನುಗ್ಗುವ ಎಣ್ಣೆ, ಗ್ಯಾಸು, ನೀರು ಮೂರೂ ಒಂದೇ ಪೈಪಿನಲ್ಲಿ ಸಮುದ್ರತಳದ ಮೇಲೆ ಹರಿದು, ಹಡಗಿಗೆ ಏರಿ ಬರಬೇಕು. ಓಡುತ್ತಿರುವಷ್ಟು ಹೊತ್ತು ಅದು ಬಿಸಿ. ನಿಂತರೆ ತಣ್ಣಗಾಗುತ್ತದೆ. ತಣ್ಣಗಾದರೆ ಆ ಒತ್ತಡದಲ್ಲಿ ಗ್ಯಾಸೂ ನೀರೂ ಒಂದಾಗಿ ಮಂಜಿನಂಥ ಗಡ್ಡೆ ಕಟ್ಟಿ, ಪೈಪಿನ ಗಂಟಲಿಗೆ ಬಿರಡೆಯಾಗಿ ಕೂರುತ್ತವೆ. ಅದಕ್ಕೇ ಹರಿವು ನಿಲ್ಲಿಸುವ ಮುಂಚೆ ಮೆಥನಾಲ್ ಎಂಬ ದ್ರವವನ್ನು ಪಂಪಿನಿಂದ ಒಳಗೆ ತಳ್ಳಬೇಕು. ಅದಿದ್ದರೆ ಗಡ್ಡೆ ಕಟ್ಟುವುದಿಲ್ಲ. ಪೈಪಕ್ಕ ಅದನ್ನು ಔಷಧಿ ಎನ್ನುತ್ತಿದ್ದಳು.

"ಎಲ್ಲರ ಮನೇಲೂ ಮಕ್ಕಳಿಗೆ ಜ್ವರ ಬಂದ್ರೆ ಗಾಬರಿ. ನನ್ನ ಪೈಪಿಗೆ ಜ್ವರ ಇಳಿದ್ರೆ ಗಾಬರಿ ಕಣೋ," ಎಂದು ಕಂಟ್ರೋಲ್ ರೂಮಿನ ಮೀಸೆಗೆ ಹೇಳುತ್ತಿದ್ದಳು. ಮೀಸೆ ಅವಳ ಪಾಳಿಯ ಜೊತೆಗಾರ. ನೋಡಲು ಹುಲಿ, ಮೇಲಿನವರ ಮುಂದೆ ಬೆಣ್ಣೆ. ಹುಟ್ಟಿದಾರಭ್ಯ ಮೇಲಧಿಕಾರಿಯೊಬ್ಬರಿಗೆ 'ಆಗಲ್ಲ' ಎಂದವನಲ್ಲ.

ಪೈಪಕ್ಕನನ್ನು ದೇವತೆ ಮಾಡುವ ಅಗತ್ಯವಿಲ್ಲ. ಅವಳಿಗೆ ಈಜು ಬರುತ್ತಿರಲಿಲ್ಲ. ಅರ್ಧ ಆಯುಷ್ಯ ಸಮುದ್ರದ ಮೇಲೆ ಕಳೆದರೂ ಗಾಳಿ ಎದ್ದ ದಿನ ಬಕೆಟ್ಟು ತಬ್ಬಿಕೊಂಡು ಕೂರುತ್ತಿದ್ದಳು; ಬಕೆಟ್ಟಿನಿಂದ ತಲೆ ಎತ್ತಿ ಆಜ್ಞೆ ಕೊಟ್ಟು ಮತ್ತೆ ತಲೆ ತಗ್ಗಿಸುತ್ತಿದ್ದಳು. ಇಸ್ಪೀಟಿನಲ್ಲಿ ನಾಚಿಕೆಯಿಲ್ಲದೆ ಮೋಸ ಮಾಡುತ್ತಿದ್ದಳು, ಸಿಕ್ಕಿಬಿದ್ದರೆ ಕನ್ನಡಕದ ಮೇಲೆ ತಪ್ಪು ಹಾಕುತ್ತಿದ್ದಳು. ದಡದ ಮನೆಯಲ್ಲಿ ಅಡುಗೆಮನೆಯ ನಲ್ಲಿ ವರ್ಷಗಟ್ಟಲೆ ತೊಟ್ಟಿಕ್ಕುತ್ತಲೇ ಇತ್ತು.

"ಅಷ್ಟು ಆಳದ ಪೈಪು ನೋಡ್ಕೊಳ್ತೀಯ, ಇದಕ್ಕೊಂದು ವಾಷರ್ ಹಾಕೋಕಾಗಲ್ವೇನೆ?" ಎಂದು ಗಂಡ ಕೇಳಿದರೆ, "ರೀ, ಇದು ಕಣ್ಣಿಗೆ ಕಾಣುತ್ತಲ್ಲ. ಕಾಣೋದನ್ನ ಯಾರು ಬೇಕಾದ್ರೂ ರಿಪೇರಿ ಮಾಡಬಹುದು. ನೀವೇ ಮಾಡಿ," ಎನ್ನುತ್ತಿದ್ದಳು.

ಇನ್ನು ಮ್ಯಾನೇಜರು. ಅವರಿಗೆ ಅವಸರಪ್ಪ ಎಂದು ಹೆಸರಿಟ್ಟವಳು ಮಾತ್ರ ಪೈಪಕ್ಕನೇ. ಕೆಟ್ಟ ಮನುಷ್ಯರಲ್ಲ. ಯಾರ ಹುಟ್ಟುಹಬ್ಬವನ್ನೂ ಮರೆಯುತ್ತಿರಲಿಲ್ಲ. ಆದರೆ ದಡದ ದೊಡ್ಡ ಆಫೀಸಿನಿಂದ ಫೋನು ಬಂದರೆ ಕೂತಲ್ಲೇ ಎದ್ದು ನಿಲ್ಲುತ್ತಿದ್ದರು. ಫೋನಿನ ಆ ಕಡೆಯವರಿಗೆ ಅದು ಕಾಣುವುದಿಲ್ಲ ಎಂದು ಅವರಿಗೆ ಯಾರೂ ತಿಳಿಸಿರಲಿಲ್ಲ.

ಕಂಪನಿಯ ಅಧ್ಯಕ್ಷರು ಹಡಗಿಗೆ ಬರುತ್ತಾರೆ, ಡೆಕ್ಕಿನ ಮೇಲೆ ಸಮಾರಂಭ, ಅಲ್ಲೇ ಪೈಪಕ್ಕನಿಗೆ ಸನ್ಮಾನ ಎಂದು ತೀರ್ಮಾನವಾಯಿತು. ಯಂತ್ರಗಳ ಗದ್ದಲದಲ್ಲಿ ಮೈಕು ಕೇಳಿಸುವುದಿಲ್ಲವಲ್ಲ?

"ಮೇಡಂ, ಒಂದ್ ಸ್ವಲ್ಪ ಹೊತ್ತು ಹರಿವು ನಿಲ್ಲಿಸಿಬಿಡೋಣ. ಭಾಷಣ ಮುಗಿದ ತಕ್ಷಣ ಶುರು," ಎಂದರು ಅವಸರಪ್ಪ.

ಬೇರೆ ದಿನವಾಗಿದ್ದರೆ ಪೈಪಕ್ಕ ಅವರನ್ನು ಬೈದು ಅಟ್ಟುತ್ತಿದ್ದಳು. ಆದರೆ ಅವತ್ತು ಅವಳು ಗಂಡ ಹೊಲಿದುಕೊಟ್ಟ ಹೊಸ ಕೋಟು ಹಾಕಿಕೊಂಡಿದ್ದಳು. ತನ್ನ ಹೆಸರು ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಲಿ ಎಂಬ ಆಸೆ ಅವಳಿಗೂ ಇತ್ತು. ಪೈಪು ಕೆಲವು ಗಂಟೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ, ಔಷಧಿಯ ಪಂಪಂತೂ ಓಡುತ್ತಲೇ ಇರುತ್ತದೆ ಎಂದು ಲೆಕ್ಕ ಹಾಕಿ, ಹೂಂ ಎಂದಳು. ಆ ಪಂಪೂ ದಡಬಡ ಸದ್ದು ಮಾಡುತ್ತದೆ ಎಂದು ಅವಸರಪ್ಪ ಅದನ್ನೂ ನಿಲ್ಲಿಸಲು ಹೇಳಿದ್ದು ಅವಳಿಗೆ ತಿಳಿಯಲಿಲ್ಲ. ಹೇಳಿದ್ದು ಮೀಸೆಗೆ. ಮೀಸೆ 'ಆಗಲಿ ಸರ್' ಎಂದಿದ್ದ.

ಮಂಜು ಮುಸುಕಿ ಹೆಲಿಕಾಪ್ಟರು ತಡವಾಯಿತು. ಅಧ್ಯಕ್ಷರು ಬಂದು ಮೈಕು ಹಿಡಿದು, ಎಣ್ಣೆ ಭೂಮಿಯಲ್ಲಿ ಹೇಗೆ ಹುಟ್ಟಿತು ಎಂಬಲ್ಲಿಂದ ಶುರುಮಾಡಿದರು. ಡೈನೋಸಾರುಗಳು ಸತ್ತು ಮನುಷ್ಯ ಹುಟ್ಟುವ ಹೊತ್ತಿಗೆ ಅರ್ಧ ಸಭೆ ತೂಕಡಿಸುತ್ತಿತ್ತು. ಆಮೇಲೆ ಊಟ. ಆಮೇಲೆ ಗುಂಪು ಫೋಟೋ. ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಎಲ್ಲರೂ ಹಡಗಿನ ಇನ್ನೊಂದು ಬದಿಗೆ ನಡೆದು ಮತ್ತೊಂದು ಫೋಟೋ. ಸನ್ಮಾನದಲ್ಲಿ ಪೈಪಕ್ಕನ ಹೆಸರನ್ನು ತಪ್ಪಾಗಿ ಓದಿದರು. ಮೈಕು ಬಲು ಚೆನ್ನಾಗಿದ್ದುದರಿಂದ ತಪ್ಪು ಹಡಗಿಗೆಲ್ಲ ಕೇಳಿಸಿತು.

ಸಂಜೆ ಹರಿವು ಶುರುಮಾಡಲು ಹೋದರೆ ಪೈಪು ಅಲುಗಲಿಲ್ಲ.

"ಭಾಷಣ ಕೇಳಿ ಪೈಪೂ ಹೆಪ್ಪುಗಟ್ಟಿತು," ಎಂದು ಅಡುಗೆಯವರಿಂದ ಹಿಡಿದು ಬಣ್ಣ ಬಳಿಯುವವರವರೆಗೆ ಹಡಗೇ ನಕ್ಕಿತು. ಪೈಪಕ್ಕ ನಗಲಿಲ್ಲ. ಹೊಸ ಕೋಟು ಬಿಚ್ಚಿ ಮೂಲೆಗೆ ಎಸೆದು ಕಂಟ್ರೋಲ್ ರೂಮಿನ ಕುರ್ಚಿಯಲ್ಲಿ ಕೂತಳು.

ಅಂಥ ಬಿರಡೆಯನ್ನು ಕರಗಿಸುವುದಕ್ಕೆ ಒಂದೇ ದಾರಿ. ಅದರ ಎರಡೂ ಕಡೆಯ ಒತ್ತಡವನ್ನು ಒಂದೇ ಸಮ, ನಿಧಾನವಾಗಿ ಇಳಿಸುತ್ತಾ ಹೋಗಬೇಕು. ಒತ್ತಡ ಇಳಿದರೆ ಗಡ್ಡೆ ತಾನಾಗಿ ಕರಗುತ್ತದೆ. ಆದರೆ ಅದು ವಾರಗಟ್ಟಲೆ ಕೂತು ಕಾಯುವ ಕೆಲಸ. ಒಂದೇ ಕಡೆ ಇಳಿಸಿದರೆ, ಇನ್ನೊಂದು ಕಡೆಯ ಒತ್ತಡ ಆ ಗಡ್ಡೆಯನ್ನು ಬಂದೂಕಿನ ಗುಂಡಿನಂತೆ ಸಿಡಿಸುತ್ತದೆ. ಅದು ಬಂದು ಬಡಿಯುವುದು ಪೈಪು ಹಡಗಿಗೆ ಏರಿ ಬಾಗುವ ಮೂಲೆಗೆ.

ಅವಸರಪ್ಪನವರಿಗೆ ಇದೆಲ್ಲ ಗೊತ್ತಿತ್ತು. ಅವರೂ ಓದಿದವರೇ, ಒಂದು ಕಾಲಕ್ಕೆ ಅದೇ ಕುರ್ಚಿಯಲ್ಲಿ ಕೂತವರೇ. ಆದರೆ ಫೋನು ಬರುತ್ತಲೇ ಇತ್ತು.

"ಮೇಡಂ, ಹಡಗಿನ ಕಡೆಯಿಂದ ಒಂದ್ಸಲ ಜೋರಾಗಿ ಎಳೆದುಬಿಡೋಣ. ಸ್ಟ್ರಾದಲ್ಲಿ ಜ್ಯೂಸ್ ಎಳೆದ ಹಾಗೆ. ಸ್ವಲ್ಪ ರಿಸ್ಕು ತಗೊಳ್ಳದೇ ಇದ್ರೆ ಹೇಗೆ?"

"ಯಾರು ತಗೋಬೇಕು ಸರ್, ರಿಸ್ಕು?"

"ಆ ಮೂಲೆಯಿಂದ ಎಲ್ಲರನ್ನೂ ದೂರ ಕಳಿಸ್ತೀನಿ."

"ಪೈಪು ಒಡೆದು ಗ್ಯಾಸ್ ನುಗ್ಗಿದ್ರೆ ಹಡಗಲ್ಲಿ ದೂರ ಅಂದ್ರೆ ಎಲ್ಲಿ? ಸಮುದ್ರಾನಾ? ನನಗಂತೂ ಈಜು ಬರಲ್ಲ."

ಅವರು ಹೋದ ಮೇಲೆ ಪೈಪಕ್ಕ ಇಬ್ಬರು ಫಿಟ್ಟರುಗಳನ್ನು ಕರೆದು, ಮ್ಯಾನೇಜರ ಕೋಣೆಯ ತಿರುಗುವ ಕುರ್ಚಿಯನ್ನು ಹೊರಿಸಿ, ಪೈಪು ಬಾಗುವ ಮೂಲೆಯಲ್ಲಿ ಹಾಕಿಸಿದಳು. ಪಕ್ಕದಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ನೀರಿನ ಲೋಟ. ಅವಸರಪ್ಪ ಕೆಂಡವಾಗಿ ಬಂದರು.

"ಏನ್ರೀ ಇದು?"

"ನೀವು ಇಲ್ಲಿ ಕೂತ್ಕೊಳ್ಳಿ ಸರ್. ಕೂತ ತಕ್ಷಣ ಎಳೀತೀನಿ. ಬೆನ್ನಿಗೆ ದಿಂಬು ಬೇಕಾ?"

ಸುತ್ತ ನಿಂತ ಫಿಟ್ಟರುಗಳು ಆಕಾಶ ನೋಡತೊಡಗಿದರು. ಅವಸರಪ್ಪ ಗಡಿಯಾರ ನೋಡಿಕೊಂಡು, ಮೀಟಿಂಗ್ ಇದೆ ಎಂದು ಹೊರಟರು. ಅಲ್ಲಿಂದ ಮುಂದೆ ಕೆಲವು ದಿನ ಒಂದೇ ಕಡೆ ಎಳೆಯುವ ಮಾತು ಯಾರೂ ಎತ್ತಲಿಲ್ಲ. ಮ್ಯಾನೇಜರು ಮಾತ್ರ ತಮ್ಮ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಆಡಳಿತ ನಡೆಸಿದರು. ತಿರುಗುವ ಕುರ್ಚಿಯನ್ನು ವಾಪಸು ತರಿಸಿದರೆ ಹಡಗೆಲ್ಲ ನೋಡುತ್ತದಲ್ಲ!

ಆ ವಾರಗಳಲ್ಲಿ ಪೈಪಕ್ಕ ಸೊರಗಿದಳು. ಎದೆಯಲ್ಲಿ ಏನೋ ಹಿಡಿದ ಹಾಗೆ ಆಗುತ್ತಿತ್ತು. ಹಡಗಿನ ಡಾಕ್ಟರು ಪರೀಕ್ಷೆ ಮಾಡಿ, ಮುಂದಿನ ಹೆಲಿಕಾಪ್ಟರಿಗೇ ದಡಕ್ಕೆ ಹೋಗಿ ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದರು.

"ಹೋಗ್ತೀನಿ ಡಾಕ್ಟ್ರೇ. ಇದೊಂದು ಗಂಟು ಬಿಡಲಿ."

"ಇದು ತಮಾಷೆ ಅಲ್ಲ ಅಮ್ಮ."

"ನಾನು ಹೋದ್ರೆ ಆ ಕುರ್ಚೀಲಿ ಮೀಸೆ ಒಬ್ಬನೇ ಇರ್ತಾನೆ. ಅವನ ಮುಂದೆ ಅವಸರಪ್ಪ ಬಂದು ನಿಂತ್ರೆ? ಅದೂ ತಮಾಷೆ ಅಲ್ಲ."

ಫೋನಿನಲ್ಲಿ ಗಂಡನಿಗೆ ಎದೆನೋವಿನ ವಿಷಯ ಹೇಳಲಿಲ್ಲ. ಹೊಟ್ಟೆಯಲ್ಲಿ ಗ್ಯಾಸು ಎಂದಳು. "ಎಣ್ಣೆ ಹಡಗಲ್ಲಿ ಇದ್ದು ಇನ್ನೇನು ಆಗುತ್ತೆ," ಎಂದರು ಅವರು. ಇಬ್ಬರೂ ನಕ್ಕರು. ಆ ನಗುವನ್ನು ನೆನೆದು ಅವರು ಈಗ ಯಾರ ಮುಖವನ್ನೂ ನೋಡುವುದಿಲ್ಲ.

ಆ ಮಂಗಳವಾರದ ಹೊತ್ತಿಗೆ ಬಿರಡೆ ಇನ್ನೇನು ಸಡಿಲವಾಗುವುದರಲ್ಲಿತ್ತು. ಅತಿ ಅಪಾಯದ ಘಳಿಗೆ ಅದೇ. ಪೈಪಿನ ಗೋಡೆ ಬಿಟ್ಟ ಗಡ್ಡೆ ಎರಡು ಕಡೆಯ ಒತ್ತಡದ ಸಣ್ಣ ವ್ಯತ್ಯಾಸಕ್ಕೂ ಹಾರಬಹುದು. ಮರುದಿನ ಕಂಪನಿಯ ಷೇರುದಾರರ ಸಭೆ. ಎಣ್ಣೆ ಬರುತ್ತಿದೆ ಎಂದು ಅಧ್ಯಕ್ಷರು ಅಲ್ಲಿ ಹೇಳಬೇಕಿತ್ತು. ಮೀಸೆ ಊಟಕ್ಕೆ ಹೋಗಿದ್ದ. ಪೈಪಕ್ಕ ಒಬ್ಬಳೇ ಕೂತು ಎರಡೂ ಕಡೆಯ ಒತ್ತಡದ ಮುಳ್ಳು ನೋಡುತ್ತಿದ್ದಾಗ ಎಡಗೈ ಜೋಮು ಹಿಡಿದು, ಕುತ್ತಿಗೆಯಲ್ಲಿ ಬೆವರಿಳಿಯಿತು. ಅಷ್ಟರಲ್ಲಿ ಅವಸರಪ್ಪ ಒಳಗೆ ಬಂದರು, ಕೈಯಲ್ಲಿ ಟೀ ಲೋಟ, ಮುಖದಲ್ಲಿ ಬೆಣ್ಣೆಯಂಥ ಕರುಣೆ.

"ಅಯ್ಯೋ, ಏನ್ ಮೇಡಂ ಹೀಗಾಗಿದೀರ! ಹೋಗಿ ಮಲ್ಕೊಳ್ಳಿ. ಕೊಡಿ, ನಾನು ನೋಡ್ಕೊಳ್ತೀನಿ."

ಆ ಕುರ್ಚಿಗೊಂದು ಕಟ್ಟಳೆ ಇತ್ತು. ಕೂತವರು ಸುಮ್ಮನೆ ಎದ್ದು ಹೋಗುವಂತಿಲ್ಲ. ಬಂದವರು ಎರಡೂ ಕಡೆಯ ಒತ್ತಡ ಓದಿ, ಬಾಯಿಬಿಟ್ಟು 'ತಗೊಂಡೆ' ಎನ್ನಬೇಕು. ಅಲ್ಲಿಯವರೆಗೆ ಕೂತವರದೇ ಹೊಣೆ. ಹಡಗಿನಲ್ಲಿ ಯಾರೂ, ಅವಸರಪ್ಪನವರೂ, ಅದನ್ನು ಮುರಿದವರಲ್ಲ.

"ನಿಮಗೆ ಕೊಡಲ್ಲ ಸರ್," ಎಂದಳು ಪೈಪಕ್ಕ. ಬಲಗೈಯಲ್ಲಿ ಫೋನೆತ್ತಿ ಊಟದ ಕೋಣೆಗೆ ಹಚ್ಚಿದಳು. "ಮೀಸೇನ ಕಳಿಸಿ. ತಟ್ಟೆ ಬಿಟ್ಟು ಬರಬೇಕಂತೆ ಅನ್ನಿ."

ಮೀಸೆ ತುಂಬಿದ ಬಾಯಲ್ಲೇ ಓಡಿಬಂದ. ಅವಳ ಮುಖ ನೋಡಿ ನುಂಗುವುದನ್ನೂ ಮರೆತ.

"ಅಕ್ಕಾ—"

"ಮೊದಲು ಓದು."

ಓದಿದ. "ಎರಡೂ ಕಡೆ ಸಮ ಇದೆ ಅಕ್ಕ. ತಗೊಂಡೆ."

"ಸಮವಾಗೇ ಇಳಿಸು. ಸಂಜೆ ಹೊತ್ತಿಗೆ ಬಿಡುತ್ತೆ. ಯಾರು ಏನೇ ಹೇಳಲಿ."

'ಯಾರು ಏನೇ ಹೇಳಲಿ' ಎಂದು ಅವಳು ಹೇಳುವಾಗ ಮೀಸೆ ಅವಸರಪ್ಪನವರ ಕಡೆ ನೋಡಿದ. ಆ ನೋಟ ಪೈಪಕ್ಕನಿಗೆ ಗೊತ್ತಿತ್ತು. ಇನ್ನೊಂದು ನಿಮಿಷಕ್ಕೆ ಅವನು 'ಆಗಲಿ ಸರ್' ಎನ್ನುತ್ತಾನೆ. ಅವಳು ಕುರ್ಚಿಯ ತೋಳು ಹಿಡಿದು ಎದ್ದಳು. ಎದ್ದವಳೇ ಅವಸರಪ್ಪನವರ ಮಣಿಕಟ್ಟು ಹಿಡಿದಳು. ಟೀ ಚೆಲ್ಲಿತು.

"ಒಬ್ಬಳೇ ನಡೆಯೋಕಾಗ್ತಿಲ್ಲ ಸರ್. ಆಸ್ಪತ್ರೆ ಕೋಣೆವರೆಗೆ ಬನ್ನಿ."

"ಯಾರನ್ನಾದ್ರೂ ಕರೀತೀನಿ—"

"ನೀವೇ ಬನ್ನಿ."

ಸಾಯುತ್ತಿರುವ ಹೆಂಗಸು ಕೈ ಹಿಡಿದು ಕರೆದರೆ ಇಲ್ಲವೆನ್ನುವುದು ಅವಸರಪ್ಪನವರಿಂದಲೂ ಆಗದು. ನಡೆಸಿಕೊಂಡು ಹೋದರು. ಡಾಕ್ಟರು ಮಂಚದ ಮೇಲೆ ಮಲಗಿಸಿದರು, ಸೂಜಿ ಚುಚ್ಚಿದರು, ದಡಕ್ಕೆ ಫೋನು ಮಾಡಿ ಹೆಲಿಕಾಪ್ಟರಿಗೆ ಕೂಗಾಡಿದರು. ಮಣಿಕಟ್ಟು ಅವಳ ಕೈಯಲ್ಲೇ ಇತ್ತು.

"ಮೇಡಂ, ಈಗ ಡಾಕ್ಟ್ರು ಇದಾರಲ್ಲ. ನಾನೊಂದು ಗಳಿಗೆ..." ಎಂದು ಅವರು ಮೆಲ್ಲಗೆ ಬೆರಳು ಬಿಡಿಸಲು ನೋಡಿದರು.

"ಅಲ್ಲಾಡಿಸಬೇಡಿ ಸರ್, ಕೂತ್ಕೊಳ್ಳಿ," ಎಂದು ಡಾಕ್ಟರು ಗದರಿದರು. ಅವಸರಪ್ಪ ಸ್ಟೂಲಿನ ಮೇಲೆ ಕೂತರು.

ಅವರ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ದೊಡ್ಡ ಆಫೀಸು. ಅಭ್ಯಾಸಬಲದಿಂದ ಅವಸರಪ್ಪ ಎದ್ದು ನಿಲ್ಲಲು ಹೋದರು. ಪೈಪಕ್ಕ ಕಣ್ಣು ತೆರೆಯಲಿಲ್ಲ. ಅವರ ಕೈಯನ್ನು ಕೆಳಕ್ಕೆ ಎಳೆದು ಮತ್ತೆ ಕೂರಿಸಿದಳು.