ಒದೆತದ ಪಥ್ಯ

ನಿನ್ನೆಯಿಂದ ನಮ್ಮ ಅಡಿಗೆಮನೆಯಲ್ಲಿ ಔಡಲೆಣ್ಣೆಯ ವಾಸನೆ. ಎಕ್ಕೆಯ ಎಲೆಗೆ ಆ ಎಣ್ಣೆ ಸವರಿ, ಕಾದ ಹಂಚಿನ ಮೇಲೆ ಒಂದು ಗಳಿಗೆ ಇಟ್ಟು ತೆಗೆದರೆ ಏಳುವ ವಾಸನೆ ಇದೆಯಲ್ಲ, ಅದನ್ನು ಒಮ್ಮೆ ಅನುಭವಿಸಿದವನು ಮರೆಯುವ ಹಾಗಿಲ್ಲ. ಅರ್ಧ ದೇವರ ಮನೆ, ಅರ್ಧ ದವಾಖಾನೆ. ಅದು ಮೂಗಿಗೆ ಬಡಿದ ಕೂಡಲೇ ನನ್ನ ಕೈ ತಾನಾಗಿ ಎಡಗಡೆಯ ನಡಕ್ಕೆ ಹೋಗುತ್ತದೆ. ನಡ ಎಂದರೆ ನಮ್ಮ ಕಡೆ ಸೊಂಟ. ನಿನ್ನೆಯೂ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಈ ಸಲ ಎಲೆ ಕಾಯುತ್ತಿರುವುದು ನನಗಲ್ಲ. ಯಾರಿಗೆಂದು ಆಮೇಲೆ ಹೇಳುತ್ತೇನೆ. ಇನ್ನೊಬ್ಬರ ನೋವಿನ ಕಥೆ ಕೇಳುವುದು ಎಷ್ಟು ಬೇಸರದ ಕೆಲಸವೆಂದು ನನಗೂ ಗೊತ್ತು. ಆದರೆ ಇದರಲ್ಲಿ ನಾನು ಒದೆ ತಿನ್ನುವ ಭಾಗವೊಂದಿದೆ. ಅದಕ್ಕಾಗಿಯಾದರೂ ಸ್ವಲ್ಪ ಕೂತಿರಿ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಥಣಿ ತಾಲೂಕಿನ ಅನಂತಪುರದ ಹತ್ತಿರ ನಮ್ಮದೊಂದು ದ್ರಾಕ್ಷಿ ತೋಟ. ಅದಕ್ಕೆ ಹಂದರ ಹಾಕಿಸಿದವನು ನಮ್ಮಪ್ಪ. ಅಪ್ಪ ಗಿಡ್ಡ ಮನುಷ್ಯ. ತನ್ನ ರುಮಾಲಿಗೆ ತಂತಿ ತಾಗದಷ್ಟು ಎತ್ತರ ನೋಡಿಕೊಂಡು, "ಇಷ್ಟ ಸಾಕು" ಎಂದು ಕಲ್ಲುಕಂಬ ನಿಲ್ಲಿಸಿಬಿಟ್ಟ. ನಾನು ಬೆಳೆದೆ, ಹಂದರ ಬೆಳೆಯಲಿಲ್ಲ. ನಮ್ಮ ಮನೆತನದಲ್ಲೇ ಎತ್ತರದ ಆಳೆಂದು ಮದುವೆಯ ಕಾಲಕ್ಕೆ ಹೊಗಳಿಸಿಕೊಂಡವನು ತೋಟದೊಳಗೆ ಕಾಲಿಟ್ಟರೆ ಸಾಹುಕಾರನ ಮುಂದೆ ನಿಂತವನ ಹಾಗೆ ಬಾಗಿಯೇ ಇರಬೇಕು. ಬೆನ್ನಿಗೆ ಔಷಧ ಹೊಡೆಯುವ ಪಂಪು ಬೇರೆ. ಅಪ್ಪ ತೀರಿಕೊಂಡ ಮೇಲಾದರೂ ಹಂದರ ಎತ್ತರಿಸಬಹುದಿತ್ತು. ಅಪ್ಪ ಹಾಕಿಸಿದ್ದೆಂಬ ಅಭಿಮಾನ ಅಡ್ಡ ಬಂತು, ಆಲಸ್ಯವೂ ಅದರ ಜೊತೆ ಸೇರಿಕೊಂಡಿತು.

ಒಂದು ವರ್ಷ ಚಾಟ್ನಿಯ ಹೊತ್ತು, ಅಂದರೆ ಬಳ್ಳಿ ಕತ್ತರಿಸುವ ಕಾಲ. ಕೈಯಿಂದ ಜಾರಿದ ಕತ್ತರಿ ಎತ್ತಿಕೊಳ್ಳಲು ಬಗ್ಗಿದೆ, ನಡದಲ್ಲಿ ಚಳಕು ಹೊಡೆಯಿತು. ಅಲ್ಲಿಂದ ಅದು ತೊಡೆಯ ಹಿಂಭಾಗಕ್ಕೆ ಇಳಿದು, ಮೀನಖಂಡ ದಾಟಿ, ಕಿರುಬೆರಳಿನವರೆಗೆ ಕರೆಂಟಿನ ಹಾಗೆ ಹರಿಯಿತು. ನಾನು ಬಗ್ಗಿದವನು ಬಗ್ಗಿದ ಹಾಗೇ ನಿಂತೆ. ಹಂದರದ ಕೆಳಗೆ ನಾನು ಯಾವಾಗಲೂ ಹಾಗೇ ನಿಲ್ಲುತ್ತಿದ್ದುದರಿಂದ ಆಳುಗಳಿಗೆ ಏನೂ ಅನಿಸಲಿಲ್ಲ. ಊಟದ ಹೊತ್ತಿಗೂ ನಾನು ಕದಲದ್ದನ್ನು ಕಂಡು ಬುತ್ತಿ ತಂದ ನನ್ನ ಹೆಂಡತಿ ಕಮಲಾಗೆ ಅನುಮಾನ ಬಂತು.

ಮಿರಜಿಗೆ ಹೋದೆವು. ನಮ್ಮ ಕಡೆಯವರಿಗೆ ಕಾಯಿಲೆ ದೊಡ್ಡದೆನಿಸಿದರೆ ಮಿರಜು, ಮತ್ತೂ ದೊಡ್ಡದೆನಿಸಿದರೆ ದೇವರು. ಅಲ್ಲಿಯ ಡಾಕ್ಟರು ನನ್ನನ್ನು ಅಂಗಾತ ಮಲಗಿಸಿ, ಎಡಗಾಲನ್ನು ನೆಟ್ಟಗೆ ಮೇಲೆತ್ತಿದರು. ಅವರು ಕಾಲೆತ್ತಿದಷ್ಟೂ ನಾನು ದನಿ ಎತ್ತಿದೆ. "ಸಯಾಟಿಕಾ," ಅಂದರು. "ನಡದಾಗ ನರ ಒತ್ತಾಕತ್ತೈತಿ. ಗಾದಿ ಬ್ಯಾಡ, ಹಲಗಿ ಮ್ಯಾಲ ಮಲಗ್ರಿ. ಫಟಫಟಿ ಮುಟ್ಟಬ್ಯಾಡ್ರಿ. ಪಂಪ ಹೊರಬ್ಯಾಡ್ರಿ, ಬಗ್ಗಿ ಕೆಲಸ ಮಾಡಬ್ಯಾಡ್ರಿ. ತುಸು ಕಡಿಮಿ ಆದಕೂಡ್ಲೆ ಮುಂಜಾನಿ ಸಪಾಟ ರಸ್ತಾದ ಮ್ಯಾಲ ನಡೀರಿ. ಸಂಕ್ರಾಂತಿತನಕ ನೋಡೂಣು. ಆಗಲಿಲ್ಲ ಅಂದ್ರ ಆಪರೇಷನ್ ಮಾಡಬೇಕಾಕೈತಿ."

ಬಾಗಿಲ ಬಳಿಯ ಸ್ಟೂಲಿನ ಮೇಲೆ ಸೆರಗು ಹೊದ್ದು ಕೂತಿದ್ದ ಕಮಲಾ ಡಾಕ್ಟರ ಬಾಯನ್ನೇ ನೋಡುತ್ತಿದ್ದಳು. ನನಗೆ ಕೇಳಿಸಿದ್ದು ಕೊನೆಯ ಮಾತೊಂದೇ. ಬೆನ್ನು ಕೊಯ್ಯಿಸಿಕೊಂಡ ಕಾಗವಾಡದ ಒಬ್ಬರು ಮತ್ತೆ ಎದ್ದೇ ಇಲ್ಲವೆಂದು ಬಸ್ಸಿನಲ್ಲಿ ಯಾರೋ ಹೇಳಿದ್ದ. ಆ ಒಬ್ಬರು ಯಾರೆಂದು ನಾನು ಕೇಳಲಿಲ್ಲ, ಹೇಳಿದವನಿಗೂ ಗೊತ್ತಿರಲಿಲ್ಲ. ಆದರೂ ರಾತ್ರಿ ಕಣ್ಣು ಮುಚ್ಚಿದರೆ ಆ ಕಾಗವಾಡದವರು ನನ್ನ ಪಕ್ಕದಲ್ಲೇ ಬಂದು ಮಲಗುತ್ತಿದ್ದರು. ನಾನು ಗುಳಿಗೆಗಳನ್ನಷ್ಟೇ ಊರಿಗೆ ತಂದೆ. ಸಲಹೆಗಳನ್ನು ಮಿರಜಿನಲ್ಲೇ ಬಿಟ್ಟುಬಂದೆ. ಚಾಟ್ನಿ ಅರ್ಧಕ್ಕೆ ನಿಂತಿರುವಾಗ ಹಲಗೆಯ ಮೇಲೆ ಮಲಗು ಎಂದರೆ ಯಾವ ತೋಟದವನು ಕೇಳುತ್ತಾನೆ ಹೇಳಿ? ಫಟಫಟಿಯ ಮೇಲೆ ಒಂದೇ ಪೃಷ್ಠದಲ್ಲಿ ಕೂತು ತೋಟಕ್ಕೆ ಹೋಗುವುದನ್ನು ಕಲಿತೆ.

ಆಮೇಲೆ ನೋಡಿ, ಇಡೀ ಸೀಮೆಯೇ ವೈದ್ಯರದಾಯಿತು. ರಾಯಬಾಗದ ಬಸ್ಸಿನಲ್ಲಿ ಸೊಟ್ಟಗೆ ನಿಂತ ನನಗೆ ಕಂಡಕ್ಟರು ಟಿಕೆಟು ಹರಿಯುವಷ್ಟರಲ್ಲಿ ಔಡಲೆಣ್ಣೆ ಸವರಿದ ಎಕ್ಕೆಯೆಲೆಯ ಶಾಖ ಹೇಳಿದ. ಕಬ್ಬಿನ ಟ್ರ್ಯಾಕ್ಟರಿನವನು ಕಾದ ಇಟ್ಟಂಗಿ ಅಂದ. ನಿಪ್ಪಾಣಿಯ ತಾಲೀಮಿನ ಪೈಲವಾನರೊಬ್ಬರು ನನ್ನ ಕಾಲು ಹಿಡಿದು ಎಳೆದರು. ನೋವು ಹೋಗಲಿಲ್ಲ, ಆದರೆ ಆ ಕಾಲು ತುಸು ಉದ್ದವಾದ ಹಾಗೆ ಬಹಳ ದಿನ ಅನಿಸುತ್ತಿತ್ತು. ಎಲ್ಲರೂ ಒಮ್ಮತದಿಂದ ಹೇಳಿದ ಮದ್ದು ಮಾತ್ರ ಒಂದೇ: ಪಾಯಾಳುವಿನಿಂದ ಒದೆಸಿಕೋ. ತಲೆಯ ಬದಲು ಕಾಲು ಮುಂದಾಗಿ ಹುಟ್ಟಿದವರಿಗೆ ನಮ್ಮ ಗಡಿಯಲ್ಲಿ ಪಾಯಾಳು ಅನ್ನುತ್ತಾರೆ. ಅಂಥವರು ನಡಕ್ಕೆ ಮೂರು ಸಲ ಒದ್ದರೆ ಹಿಡಿದದ್ದು ಬಿಡುತ್ತದಂತೆ.

ರಾಯಬಾಗ ತಾಲೂಕಿನ ಪಾಲಬಾವಿಯಲ್ಲಿ ಒಬ್ಬ ಹಿರಿಯರು ಪಾಯಾಳು ಎಂದು ಗೊತ್ತಾಯಿತು. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕಬ್ಬಿನ ಒಣಗರಿ, ಅಂದರೆ ರವದಿ, ಹಾಸಿಕೊಂಡು ಹೋದೆ. ದಾರಿಯ ಒಂದೊಂದು ತಗ್ಗೂ ನನ್ನ ಕಿರುಬೆರಳಿನಲ್ಲಿ ಸಹಿ ಮಾಡಿತು. ಹೋಗಿ ನೋಡಿದರೆ ಅಜ್ಜ ಮಂಚದ ಮೇಲೆ ಗಾಢ ನಿದ್ದೆಯಲ್ಲಿದ್ದಾರೆ. ಎದ್ದಿದ್ದರೂ ಕಾಲೆತ್ತುವ ಸ್ಥಿತಿಯಲ್ಲಿರಲಿಲ್ಲ ಅನ್ನಿ. ಮಗ ಬಲು ಉಪಕಾರಿ ಮನುಷ್ಯ. "ನೀವು ಮಂಚದ ಬಾಜೂಕ ಬಕ್ಕಬಾರಲೆ ಮಲಗ್ರಿ, ನಾ ಒದಸ್ತೇನಿ" ಎಂದು ನನ್ನನ್ನು ಬೋರಲು ಮಲಗಿಸಿ, ಅಪ್ಪನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು, ಕಚೇರಿಯವರು ಶಿಕ್ಕಾ ಹೊಡೆದ ಹಾಗೆ ನನ್ನ ನಡದ ಮೇಲೆ ಊರಿದ. ಎರಡನೆಯ ಸಲಕ್ಕೆ ಅಜ್ಜನಿಗೆ ಎಚ್ಚರವಾಯಿತು. "ಯಾವನ್ಲೇ ಅಂವಾ, ನನ್ನ ಕಾಲ ಕದ್ದು ಒಯ್ಯಾಕತ್ತಾನ!" ಎಂದು ಕೂಗಿ ಕಾಲೆಳೆದುಕೊಂಡರು. ಮೂರನೆಯದು ಬೀಳಲೇ ಇಲ್ಲ. ನೋವು ಹೋಗದ್ದಕ್ಕೆ ಅದೇ ಕಾರಣವೆಂದು ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಸಂಕ್ರಾಂತಿ ಹತ್ತಿರ ಬಂತು. ರಾತ್ರಿ ಮಗ್ಗುಲು ಬದಲಿಸಬೇಕಾದರೆ ಕಮಲಾಳನ್ನು ಎಬ್ಬಿಸಬೇಕು, ಹಾಗಾಗಿತ್ತು. ಮಿರಜಿಗೆ ಹೊರಡುವ ಹಿಂದಿನ ದಿನ ಸಂಜೆ ಆಕೆ ನನ್ನೆದುರು ಬಂದು ಕೂತಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಒಂದ ಮಾತ ಹೇಳತೇನಿ, ಸಿಟ್ಟ ಆಗಬ್ಯಾಡ್ರಿ. ನಾ ಪಾಯಾಳು ಅದೀನಿ."

ನಾನು ನಾಲ್ಕು ತಾಲೂಕು ಹುಡುಕಿದ ಪಾದ ದಿನಾ ನನ್ನ ಮನೆಯಲ್ಲೇ ಓಡಾಡಿಕೊಂಡಿತ್ತು!

"ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ಪಾಯಾಳು ಇದ್ದವರ ಮ್ಯಾಲ ಸಿಡಲ ಬೀಳತೈತಿ ಅಂತಾರಲ್ರಿ. ಗೊತ್ತಾಗಿದ್ರ ನಿಮ್ಮವ್ವ ನನ್ನ ಸೊಸಿ ಮಾಡಕೋತಿದ್ದಳೇನು? ಯಾರಿಗೂ ಹೇಳಬ್ಯಾಡ ಅಂತ ನಮ್ಮ ತವರಮನ್ಯಾಗ ಆಣಿ ಹಾಕಿಸಿದ್ರು."

ಆಮೇಲೆ ಕರಾರು ಹೇಳಿದಳು. ಒದೆತಕ್ಕೆ ಪಥ್ಯವಿದೆ, ಪಥ್ಯ ಮುರಿದರೆ ನೋವು ದುಪ್ಪಟ್ಟಾಗಿ ತಿರುಗಿ ಬರುತ್ತದೆ. ನಾನು ಎಲ್ಲಕ್ಕೂ ಹೂಂಗುಟ್ಟಿದೆ. ಬೆನ್ನು ಕೊಯ್ಯುವುದು ತಪ್ಪುವುದಾದರೆ ಮಣ್ಣು ತಿನ್ನು ಎಂದಿದ್ದರೂ ತಿನ್ನುತ್ತಿದ್ದೆ.

ಮರುದಿನ ಮುಂಜಾನೆ ಹೊಸ್ತಿಲ ಮುಂದೆ ಬಕ್ಕಬಾರಲು ಮಲಗಿದೆ. ಗಂಡನಿಗೆ ಕಾಲು ತಾಗಿಸಬೇಕಲ್ಲ, ಮೊದಲು ನನ್ನ ಪಾದ ಮುಟ್ಟಿ ನಮಸ್ಕರಿಸಿದಳು. ಮೊದಲನೆಯದು ಒದೆತವೇ ಅಲ್ಲ, ಬರಿ ತಾಗಿಸಿದಳು. ಎರಡನೆಯದರಲ್ಲಿ ಸ್ವಲ್ಪ ಧೈರ್ಯವಿತ್ತು. ಮೂರನೆಯದರಲ್ಲಿ ಅಷ್ಟೂ ವರ್ಷದ ಸಂಸಾರವಿತ್ತು. ಸರಿಯಾಗಿ ಅದೇ ಹೊತ್ತಿಗೆ ದನದ ಕೊಟ್ಟಿಗೆಯಿಂದ ಬಂದ ನಮ್ಮವ್ವ ಕೈಯಲ್ಲಿದ್ದ ಹಾಲಿನ ಚರಿಗೆ ಕೆಡವಿ, "ಅಯ್ಯಯ್ಯ, ಯಾರರೆ ಬರ್ರೇ! ಗಂಡನ್ನ ಕೆಡವಿ ತುಳ್ಯಾಕತ್ತಾಳ!" ಎಂದು ಓಣಿಗೆಲ್ಲ ಕೇಳುವ ಹಾಗೆ ಕೂಗಿದಳು. ಓಣಿಯವರು ಬಂದರು. ನಾನು ಮಲಗಿದಲ್ಲಿಂದಲೇ ಎಲ್ಲರಿಗೂ ವಿವರಣೆ ಕೊಟ್ಟೆ. ಗಂಡಸರು ಬಹಳ ಹೊತ್ತು ಅನುಕಂಪದಿಂದ ನೋಡಿದರು. ಹೆಂಗಸರು ನೋಡಿದ್ದು ಕಮಲಾಳ ಕಾಲನ್ನು, ಅದೂ ಭಕ್ತಿಯಿಂದ.

ಪಥ್ಯ ಶುರುವಾಯಿತು. ಗಾದಿ ಮುಟ್ಟಬಾರದು, ಹಳೆಯ ಬಾಗಿಲ ಹಲಗೆಯ ಮೇಲೆ ಮಲಗಬೇಕು. ಫಟಫಟಿ ಹತ್ತಬಾರದು. ಪಂಪು ಹೊರಬಾರದು. ಒದೆಸಿಕೊಂಡವನು ಬಾಗಿ ಹಂದರದೊಳಗೆ ಹೋದರೆ ಒದೆತ ಇಳಿದುಹೋಗುತ್ತದೆ, ಆದ್ದರಿಂದ ತೋಟದ ಬದುವಿನ ಮೇಲೆ ನಿಂತೇ ಆಳುಗಳಿಗೆ ಹೇಳಬೇಕು. ಕೆಲವು ವಾರ ಕಳೆದ ಮೇಲೆ, ದಿನಾ ಹೊತ್ತು ಹುಟ್ಟುವಾಗ ಡಾಂಬರು ರಸ್ತೆಯಲ್ಲಿ ಬರಿ ಕೈಯಲ್ಲಿ ನಡೆಯಬೇಕು. ಡಾಕ್ಟರಿಗೆ ಹೂಂ ಅಂದು ಮರೆತವನು ಪಾಯಾಳುವಿನ ಒಂದು ಮಾತನ್ನೂ ತಪ್ಪಿಸಲಿಲ್ಲ. ನೆಂಟರ ಮದುವೆಗೂ ಹಲಗೆ ಹೊರಿಸಿಕೊಂಡು ಹೋದೆ. ದ್ರಾಕ್ಷಿ ಸಿಹಿಯಾಗುವ ಹೊತ್ತಿಗೆ ನೋವು ಕಿರುಬೆರಳಿನಿಂದ ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ ಹತ್ತಿ, ಒಂದು ದಿನ ಎತ್ತಲೋ ಹೋಯಿತು. ಮಿರಜಿಗೆ ಹೋಗುವುದು ಹಾಗೇ ಉಳಿಯಿತು. ಮುಂದಿನ ಬೇಸಿಗೆಯಲ್ಲಿ ಪಾಯಾಳುವಿನ ಅಪ್ಪಣೆಯಂತೆ ಹಂದರವನ್ನೂ ಎತ್ತರಿಸಿದೆ.

ಸುದ್ದಿ ಅಥಣಿ ದಾಟಿ ಚಿಕ್ಕೋಡಿಯವರೆಗೂ ಹೋಯಿತು. ಅಮಾವಾಸ್ಯೆಯ ದಿನ ನಮ್ಮ ಅಂಗಳದಲ್ಲಿ ಹೆಂಗಸರ ಸಾಲು. ಕಮಲಾ ಒಬ್ಬೊಬ್ಬರಿಗೂ ಒಂದೊಂದು ಪಥ್ಯ ಹೇಳುವಳು. ಬಾವಿಯಿಂದ ನೀರು ಹೊರುವವಳಿಗೆ ಕೊಡ ಎತ್ತಬಾರದು. ಬೀಡಿ ಕಟ್ಟಲು ಕುಕ್ಕರಗಾಲಲ್ಲಿ ಕೂರುವವಳು ಗಳಿಗೆಗೊಮ್ಮೆ ಎದ್ದು ಅಡ್ಡಾಡಬೇಕು. ಬಾಣಂತನ ಮುಗಿಯದೆ ಹೊಲಕ್ಕೆ ಇಳಿದವಳು ಇನ್ನೊಂದು ತಿಂಗಳು ಮನೆಯಲ್ಲಿರಬೇಕು. ಅತ್ತೆಯಂದಿರು ಎದುರಾಡುವ ಹಾಗಿರಲಿಲ್ಲ, ಒದೆತ ಕೆಟ್ಟರೆ ಯಾರು ಹೊಣೆ? ಬರಬರುತ್ತ ಸೊಸೆಯಂದಿರ ಸಾಲು ಬೆಳೆಯಿತು. ಅವರಲ್ಲಿ ಎಷ್ಟು ಮಂದಿಗೆ ನಿಜಕ್ಕೂ ನಡ ಹಿಡಿದಿತ್ತೋ ನಾನು ಕೇಳಲು ಹೋಗಲಿಲ್ಲ.

ತೊಂಬತ್ತರ ದಶಕದ ಒಂದು ಬೇಸಿಗೆ ನಮ್ಮ ಅತ್ತೆ, ಕಮಲಾಳ ತಾಯಿ, ನಿಪ್ಪಾಣಿಯಿಂದ ಬಂದಿದ್ದರು. ಮಧ್ಯಾಹ್ನ ಒಮ್ಮೆಲೇ ಮೋಡ ಕವಿದು ಗುಡುಗು ಶುರುವಾಯಿತು. ಕಮಲಾ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ ಬಾಚಿ ಮೊರಕ್ಕೆ ತುಂಬುತ್ತಿದ್ದಳು. ನಾನು ಗಾಬರಿಯಾಗಿ, "ಏ, ಒಳಗ ಬಾ! ಸಿಡಲ ಬಿದ್ದೀತು!" ಎಂದು ಕೂಗಿದೆ.

"ಯಾಕ್ರಿ ಅಳಿಯಂದಿರ, ಅಕಿ ಮ್ಯಾಲ ಯಾಕ ಬೀಳತೈತಿ?" ಅಂದರು ಅತ್ತೆ.

"ಪಾಯಾಳು ಅಲ್ಲೇನ್ರಿ ಅಕಿ?"

ಅತ್ತೆಗೆ ನಗೆ ತಡೆಯಲಿಲ್ಲ. "ಯಾರ ಹೇಳ್ಯಾರ ನಿಮಗ? ಚಂದಂಗಿ ತಲಿ ಮುಂದ ಮಾಡಿ ಹುಟ್ಟ್ಯಾಳ. ಬಾಯಿ ಅಂತೂ ಅದಕ್ಕಿಂತ ಮುಂದ ಇತ್ತು!"

ಮೊದಲು ಬಂದದ್ದು ಸಿಟ್ಟು, ಸುಳ್ಳು ಹೇಳುವುದಿಲ್ಲ. ಇಡೀ ಓಣಿಯೆದುರು ಬೋರಲು ಬಿದ್ದು ಒದೆ ತಿಂದವನು ನಾನು. ಆಮೇಲೆ ಹಲಗೆ ನೆನಪಾಯಿತು, ಫಟಫಟಿ ನೆನಪಾಯಿತು, ಸಪಾಟು ರಸ್ತೆ ನೆನಪಾಯಿತು. ಮಿರಜಿನಲ್ಲಿ ನಾನು ಬಿಟ್ಟುಬಂದದ್ದನ್ನು ಆಕೆ ಒಂದೂ ಬಿಡದೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಹೆಂಡತಿಯಾಗಿ ಹೇಳಿದ್ದರೆ ನಾನು ಕೇಳುತ್ತಿರಲಿಲ್ಲ, ಅದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೆಣಸಿನಕಾಯಿಯ ಮೊರ ಹಿಡಿದು ತೊಯ್ಯುತ್ತ ಓಡಿ ಬಂದ ಆಕೆಯನ್ನು ಕಂಡು ನನಗೆ ಆ ಗಳಿಗೆ ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ. ಆದರೂ ನಾನು ಏನೂ ಕೇಳಲಿಲ್ಲ. ಮರುದಿನ ಅಮಾವಾಸ್ಯೆ. ಎಷ್ಟೋ ಸೊಸೆಯಂದಿರು ಬರುವವರಿದ್ದರು.

ಈಗ ಎಲೆ ಯಾರಿಗೆ ಕಾಯುತ್ತಿದೆ ಎಂದರೆ ಕಮಲಾಗೇ. ಹೋದ ತಿಂಗಳಿಂದ ಆಕೆಯ ಬಲಗಾಲಿನಲ್ಲಿ ಅದೇ ಕರೆಂಟು. ಡಾಕ್ಟರು ಹೇಳಿದ್ದೂ ಅದೇ ಮಾತುಗಳು. "ಅಡ್ಡ ಬಿದ್ದರ ರೊಟ್ಟಿ ಯಾರ ಬಡೀತಾರ್ರಿ?" ಎಂದು ಗುಳಿಗೆ ನುಂಗಿ ಕೆಲಸಕ್ಕೆ ಕೂತುಬಿಡುತ್ತಾಳೆ. ನಾನು ಬೇಡಿಕೊಂಡೆ, ಗದರಿಸಿದೆ, ಊಟ ಬಿಟ್ಟೆ. ಕೇಳಲಿಲ್ಲ. ಇವತ್ತು ಮುಂಜಾನೆ ಒಲೆಯ ಮುಂದಿಂದ ಏಳಲಾಗದೆ ಗೋಡೆ ಹಿಡಿದು ಕಣ್ಣೀರು ಒರೆಸಿಕೊಂಡದ್ದನ್ನು ಕಂಡ ಮೇಲೆ ನನಗೆ ತಡೆಯಲಾಗಲಿಲ್ಲ.

"ಕಮಲಾ, ಒಂದ ಮಾತ ಹೇಳತೇನಿ, ಸಿಟ್ಟ ಆಗಬ್ಯಾಡ. ನಾನೂ ಪಾಯಾಳು ಅದೀನಿ."

ಆಕೆ ಒಲೆ ಆರಿಸಿ, ಗೋಡೆ ಹಿಡಿದುಕೊಂಡೇ ಬಂದು, ಹೊಸ್ತಿಲ ಮುಂದೆ ಕಂಬಳಿ ಹಾಸಿ ಬಕ್ಕಬಾರಲು ಮಲಗಿದಳು. ನೆಲದ ಕಡೆಯಿಂದ ದನಿ ಬಂತು.

"ನಿಮ್ಮ ತಲಿ ಭಾಳ ದೊಡ್ಡದಿತ್ತಂತ. ಅದೊಂದು ಹೊರಗ ಬರಾಕ ಇಡೀ ಹಗಲ ಹಿಡೀತು ಅಂತ ಅತ್ತಿಯವರು ಸಾಯೂತನಕ ಹೇಳತಿದ್ರು."

"ಹಂಗಾರ ಏಳ್ತಿ ಏನು?"

"ಏಳಾಕ ಮಲಗೇನೇನ್ರಿ?"

ನಾನು ಬಚ್ಚಲಿಗೆ ಹೋಗಿ ಕಾಲು ತೊಳೆದುಕೊಂಡು ಬಂದೆ. ಕಾಲು ತಾಗಿಸುವ ಮೊದಲು ನಮಸ್ಕರಿಸಬೇಕಲ್ಲ, ಬಾಗಿ ಆಕೆಯ ಎರಡೂ ಪಾದ ಮುಟ್ಟಿದೆ.

"ಸಾಕು, ಭಾಳ ಬಗ್ಗಬ್ಯಾಡ್ರಿ," ಅಂದಳು, "ಮತ್ತ ನಿಮ್ಮ ನಡ ಹಿಡದೀತು."